ಟೀವಿಯಲ್ಲಿ ನಾನು ಸತ್ತದ್ದು

2009ರ ಆಗಸ್ಟ್ 3ರಂದು ಪುಣೆಯಲ್ಲಿ 14 ವರ್ಷದ ಶಾಲಾ ಹುಡುಗಿಯೊಬ್ಬಳು ಎಚ್‌1ಎನ್‌1 ಹಂದಿ ಜ್ವರದಿಂದ ತೀರಿಕೊಂಡಳು. ದೇಶದಲ್ಲಿ ಆ ಜ್ವರಕ್ಕೆ ಅದೇ ಮೊದಲ ಸಾವು. ಆಗ ನಾವು ಚಿಂಚವಡದಲ್ಲಿದ್ದೆವು. ನಮ್ಮ ಮನೆಯವರು ಭೋಸರಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಏಳು ತಿಂಗಳ ಬಸುರಿ, ಚೊಚ್ಚಲು. ಶ್ರಾವಣದಲ್ಲಿ ಬಿಜಾಪುರದ ತವರಿಗೆ ಹೋಗಿ ಕುಬಸ ಮಾಡಿಸಿಕೊಂಡು ಬಾಣಂತನ ಮುಗಿಯುವವರೆಗೆ ಅಲ್ಲೇ ಇರುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅವ್ವ ಹಸಿರು ಸೀರೆ ತಂದಿಟ್ಟು ಯಾವಾಗ ಬರುತ್ತೀ ಎಂದು ದಿನಾ ಫೋನ್ ಮಾಡುತ್ತಿದ್ದಳು.

ಜ್ವರದ ಸುದ್ದಿ ಮೊದಲೂ ಇತ್ತು. ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕ ಅಂದರು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗೆಂದು ಸಾರಿತು. ಆದರೂ ನಮ್ಮಂಥವರಿಗೆ ಅದು ವಿಮಾನ ಹತ್ತುವವರ ಕಾಯಿಲೆ. ಹುಡುಗಿ ಸತ್ತ ಮೇಲೆ ಊರಿನ ಚಹರೆಯೇ ಬದಲಾಯಿತು. ಶಾಲೆ-ಕಾಲೇಜು ಬಂದ್ ಆದವು, ಸಿನಿಮಾ ಟಾಕೀಸಿಗೆ ಬೀಗ ಬಿತ್ತು. ಮೆಡಿಕಲ್ ಅಂಗಡಿಗಳಲ್ಲಿ ಎನ್-95 ಮಾಸ್ಕ್ ಖಾಲಿಯಾಗಿ, ಹಿಂಬಾಗಿಲಿನಲ್ಲಿ ಬಾಯಿಗೆ ಬಂದ ರೇಟಿಗೆ ಸಿಗತೊಡಗಿತು. ಪುಣೆಯ ಹುಡುಗಿಯರು ಮೊದಲಿನಿಂದಲೂ ಸ್ಕೂಟಿ ಏರುವಾಗ ಓಢಣಿಯನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಳ್ಳುವವರು. ಈಗ ಗಂಡಸರೂ ನೀಲಗಿರಿ ಎಣ್ಣೆ ಹನಿಸಿದ ಕರವಸ್ತ್ರ ಕಟ್ಟಿಕೊಂಡು ಅವರ ಸಾಲಿಗೆ ಸೇರಿದರು. ಕರ್ಪೂರ, ಏಲಕ್ಕಿ ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಮೂಸುತ್ತಿರಿ ಎಂಬ ಎಸ್‌ಎಂಎಸ್ ಕಂಡಕಂಡವರಿಂದ ಬರುತ್ತಿತ್ತು. ನಮ್ಮ ಬಿಲ್ಡಿಂಗಿನ ಕೆಳಗಿನ ತುಳಸಿಗಿಡದಲ್ಲಿ ವಾರದೊಳಗೆ ಕಡ್ಡಿ ಮಾತ್ರ ಉಳಿಯಿತು.

ಮನೆಯಲ್ಲಿ ಟೀವಿ ಮುಂಜಾನೆ ಹಚ್ಚಿದರೆ ಮಲಗುವತನಕ ಆರುತ್ತಿರಲಿಲ್ಲ. ಮರಾಠಿ, ಹಿಂದಿ, ಡಿಶ್ಶಿನಲ್ಲಿ ಬರುತ್ತಿದ್ದ ಕನ್ನಡ, ಯಾವ ಚಾನೆಲ್ ಹಾಕಿದರೂ ಪರದೆಯ ಮೂಲೆಯಲ್ಲಿ ಸತ್ತವರ ಲೆಕ್ಕ. ಹಿಂದೆ ಕೊಚ್ಚೆಯಲ್ಲಿ ಹೊರಳುವ ಹಂದಿಗಳು. ಹಂದಿಮಾಂಸ ತಿಂದರೆ ಇದು ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಕೆಮ್ಮು-ಸೀನಿನಲ್ಲಿ ಹರಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೂರು ತಿಂಗಳ ಹಿಂದೆಯೇ ಹೇಳಿತ್ತು. ಹಂದಿಗಳು ಮಾತ್ರ ಪರದೆ ಬಿಟ್ಟು ಕದಲಲಿಲ್ಲ. ಒಂದು ಚಾನೆಲ್ಲಿನ ನಿರೂಪಕಿ ಏಸಿ ಸ್ಟುಡಿಯೋದಲ್ಲಿ ಒಬ್ಬಳೇ ಕುಳಿತು ಮಾಸ್ಕ್ ಹಾಕಿಕೊಂಡು ಸುದ್ದಿ ಓದಿದಳು. ಯಾರಿಂದ ಹತ್ತೀತೆಂದು ಹಾಕಿಕೊಂಡಿದ್ದಳೋ! ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ, ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು.

ಜ್ವರ ನನಗೆ ಹತ್ತಿದ್ದು ಗೋಕುಲಾಷ್ಟಮಿಯ ಆಸುಪಾಸಿನಲ್ಲಿ. ಎಷ್ಟೋ ಮಂಡಳಗಳು ಆ ವರ್ಷ ದಹಿಹಂಡಿ ಕೈಬಿಟ್ಟಿದ್ದರಿಂದ ಓಣಿಯಲ್ಲಿ ಸ್ಪೀಕರ್ ಸದ್ದಿರಲಿಲ್ಲ. ಮೊದಲು ಗಂಟಲು ಕೆರೆತ, ರಾತ್ರಿಗೆ ಮೈಕೈ ಮುರಿದು ಹಾಕಿದಂಥ ನೋವು, ಬೆಳಗಾಗುವಷ್ಟರಲ್ಲಿ 103 ಡಿಗ್ರಿ. ಓಣಿಯ ಡಾಕ್ಟರರ ಹತ್ತಿರ ಹೋದೆವು. ಅವರು ಕೈಗುಣದ ಮನುಷ್ಯ, ಬಡವರಿಂದ ಫೀ ಕೇಳುವವರಲ್ಲ. ಆದರೆ ಆ ವಾರ ಅವರ ದವಾಖಾನೆಯ ಮುಂದೆ ಸೀನು ಬಂದವರೆಲ್ಲ ಬಂದು ಕುಳಿತಿದ್ದರು. ಒಬ್ಬೊಬ್ಬರಿಗೂ ‘ನಿನಗೆ ಏನೂ ಆಗಿಲ್ಲ, ಮನೆಗೆ ಹೋಗು’ ಎಂದು ಹೇಳಿ ಹೇಳಿ ಅವರಿಗೆ ಅದೇ ಬಾಯಿಪಾಠವಾಗಿತ್ತು. ನನಗೂ ಅದನ್ನೇ ಹೇಳಿದರು: ಟೀವಿ ನೋಡುವುದು ಬಿಡಿ, ಅರ್ಧ ಜ್ವರ ಇಳಿಯುತ್ತದೆ, ಇದು ಮಳೆಗಾಲದ ವೈರಲ್, ಉಳಿದದ್ದೆಲ್ಲ ಚಾನೆಲ್ಲಿನವರ ಗದ್ದಲ. ಪ್ಯಾರಾಸಿಟಮಾಲ್, ಒಂದು ಆ್ಯಂಟಿಬಯೋಟಿಕ್, ಕೆಮ್ಮಿನ ಸಿರಪ್ ಬರೆದುಕೊಟ್ಟರು.

ಆ ಡಾಕ್ಟರರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಹತ್ತು ಜನಕ್ಕೆ ಆ ಮಾತು ಹೇಳಿದರೆ ಒಂಬತ್ತು ಜನರ ಪಾಲಿಗೆ ನಿಜವೇ ಆಗುತ್ತಿತ್ತು. ಆ ಜ್ವರ ಬಂದವರಲ್ಲಿ ಬಹಳ ಮಂದಿ ಬಿಸಿನೀರು ಕುಡಿದು, ಮಲಗಿ ಎದ್ದು ಗುಣವಾದವರೇ. ಹತ್ತನೆಯವಳು ನಾನಾಗಿದ್ದೆ, ಅಷ್ಟೆ.

ಜ್ವರ ಬಿಟ್ಟು ಬಿಟ್ಟು ಬಂತು. ಆಮೇಲೆ ಶುರುವಾದದ್ದು ಏದುಸಿರು. ತುಂಬಿದ ಬಸುರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಸಹಜ, ಅದು ಬೇರೆ. ಇದು ಗೋಡೆಗೆ ಒರಗಿ ಕುಳಿತಾಗಲೂ ಬಂತು. ಒಂದು ಮಾತು ಪೂರ್ತಿ ಆಡಲಾಗದೆ ನಡುವೆ ನಿಂತು ಗಾಳಿ ಎಳೆದುಕೊಳ್ಳಬೇಕಾಗುತ್ತಿತ್ತು. ನಮ್ಮ ಮನೆಯವರು ಕಾರ್ಖಾನೆಯ ಕ್ಯಾಂಟೀನಿಗೆ ಬರುವ ಮರಾಠಿ ಪೇಪರ್ ಓದುವವರು. ಅದರ ಒಳಪುಟದಲ್ಲಿ, ಜಾಹೀರಾತುಗಳ ನಡುವೆ, ಅಂಗೈಯಗಲದ ಒಂದು ಬಾಕ್ಸ್ ಬಂದಿತ್ತು. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಉಬ್ಬಸ ಇದ್ದವರು ಕಾಯುತ್ತ ಕೂರಬಾರದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ಉಗುರು ನೀಲಿಗಟ್ಟಿದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕೆಳಗೆ ಪುಣೆ, ಪಿಂಪ್ರಿ-ಚಿಂಚವಡದ ತಪಾಸಣಾ ಕೇಂದ್ರಗಳ ಪಟ್ಟಿ. ಅದನ್ನು ಹರಿದು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಇಡೀ ದಿನ ಬಡಬಡಿಸುತ್ತಿದ್ದ ಟೀವಿಯಲ್ಲಿ ಆ ನಾಲ್ಕು ಸಾಲು ನಾನೊಮ್ಮೆಯೂ ಕೇಳಿರಲಿಲ್ಲ. ಎಷ್ಟು ಜನ ಸತ್ತರೆಂದು ಗಳಿಗೆಗೊಮ್ಮೆ ಹೇಳುತ್ತಿದ್ದವರು ಸಾಯದೆ ಇರಲು ಯಾವಾಗ ಎದ್ದು ಹೊರಡಬೇಕೆಂದು ಹೇಳಲಿಲ್ಲ. ನನ್ನ ದೂರು ಇರುವುದು ಇಷ್ಟೇ, ಉಳಿದದ್ದನ್ನು ಬಿಟ್ಟುಬಿಡಬಹುದು.

ತಪಾಸಣಾ ಕೇಂದ್ರದ ಮುಂದೆ ಸರತಿ ರಸ್ತೆಗೆ ಬಂದಿತ್ತು. ಜಿಟಿಜಿಟಿ ಮಳೆ. ಚಳಿಜ್ವರಕ್ಕೆ ಮೈ ನಡುಗುತ್ತಿದ್ದರಿಂದ ಅವ್ವ ಹೊಲಿದುಕೊಟ್ಟಿದ್ದ ಕೌದಿಯನ್ನೇ ಹೊದ್ದುಕೊಂಡು ಹೋಗಿದ್ದೆ. ಅಪ್ಪನ ಹಳೆಯ ಧೋತರ, ನನ್ನ ಲಂಗ, ಅವ್ವನ ಇಳಕಲ್ ಸೀರೆಯ ಸೆರಗಿನ ತುಂಡು ಸೇರಿದ್ದ ಕೌದಿ. ಸರತಿಯಲ್ಲಿ ಗಟ್ಟಿಮುಟ್ಟಾದ ಕಾಲೇಜು ಹುಡುಗರಿದ್ದರು. ಶಾಲೆಯವರು ಕೇಳುತ್ತಾರೆಂದು ಜ್ವರವಿಲ್ಲದ ಮಗನನ್ನು ಎಳೆದುತಂದ ತಂದೆಯಿದ್ದ. ನೆಗಡಿ ಎಂದು ಆಫೀಸಿನಿಂದ ಹೊರಹಾಕಿಸಿಕೊಂಡು ಚೀಟಿಗೆ ಬಂದವರಿದ್ದರು. ಅವರ ನಡುವೆ ನಿಜವಾಗಿ ಬೇಯುತ್ತಿದ್ದವರು ಯಾರೆಂದು ಗೊತ್ತಾಗುವ ಹಾಗಿರಲಿಲ್ಲ, ಎಲ್ಲರ ಮುಖಕ್ಕೂ ಬಟ್ಟೆ. ಹೆದರಿ ಬಂದವರ ಗದ್ದಲದಲ್ಲಿ ರೋಗಿಗಳು ಕಳೆದುಹೋಗಿದ್ದರು. ಗೇಟಿನ ಎದುರು ಚಾನೆಲ್ಲುಗಳ ಗಾಡಿ ನಿಂತಿದ್ದವು. ಒಬ್ಬ ಕ್ಯಾಮೆರಾದವನು ಸರತಿಯುದ್ದಕ್ಕೂ ನಡೆಯುತ್ತ ಬಂದು ನನ್ನ ಹೊಟ್ಟೆ ನೋಡಿ ನಿಂತ. ಮುಖದ ಹತ್ತಿರಕ್ಕೆ ಕ್ಯಾಮೆರಾ ತಂದ. ನಮ್ಮ ಮನೆಯವರು ಕೈ ಅಡ್ಡ ಹಿಡಿದರು, ಅವನು ಆ ಕೈಯನ್ನೂ ಚಿತ್ರ ತೆಗೆದ.

ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದು ಪರದೇಶದಿಂದ ಬಂದಿದ್ದೀರಾ ಎಂದು. ಇಲ್ಲ. ಪರದೇಶದಿಂದ ಬಂದವರ ಜೊತೆ ಇದ್ದಿರಾ? ಇಲ್ಲ. ಹಾಗಾದರೆ ಪಕ್ಕಕ್ಕೆ ನಿಲ್ಲಿ. ನಮ್ಮ ಮನೆಯವರು ಜೇಬಿನಿಂದ ಪೇಪರಿನ ತುಂಡು ತೆಗೆದು ಟೇಬಲ್ಲಿನ ಮೇಲೆ ಇಟ್ಟರು. ಮಳೆಗೆ ಒದ್ದೆಯಾಗಿ ಅಕ್ಷರ ಹರಡಿತ್ತು. ಒಳಗಿನಿಂದ ಬಂದ ಒಬ್ಬ ಎಳೆಯ ಡಾಕ್ಟರ್ ಹುಡುಗಿ ಅದನ್ನು ಓದಲಿಲ್ಲ, ನನ್ನನ್ನು ನೋಡಿದಳು. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಒಂದು ಕ್ಲಿಪ್ ಹಾಕಿದಳು. ಅದರ ಮೇಲೆ ಕೆಂಪಗೆ 88 ಎಂದು ಬಂತು. ಬೆರಳು ಒರೆಸಿ ಇನ್ನೊಂದಕ್ಕೆ ಹಾಕಿದಳು. ಮತ್ತೆ 88. ಆಮೇಲೆ ಯಾರೂ ನಮ್ಮನ್ನು ಪರದೇಶದ ಬಗ್ಗೆ ಕೇಳಲಿಲ್ಲ.

ಗಂಟಲಿಗೆ ಹತ್ತಿಯ ಕಡ್ಡಿ ತುರುಕಿ ಮಾದರಿ ತೆಗೆದು ಐಸ್ ಡಬ್ಬಿಗೆ ಹಾಕಿದರು. ಪರೀಕ್ಷೆ ಮಾಡುವ ರಾಷ್ಟ್ರೀಯ ವೈರಾಣು ಸಂಸ್ಥೆ ಇದ್ದದ್ದು ಪುಣೆಯಲ್ಲೇ. ನಮ್ಮ ಶಿವಮೊಗ್ಗ ಸೀಮೆಯ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಗುರುತಿಸಿದವರು ಇವರೇ. ಆದರೆ ಊರೂರುಗಳಿಂದ ಮಾದರಿಗಳು ಬಂದು ಬಿದ್ದಿದ್ದರಿಂದ ಕೈಯಳತೆಯಲ್ಲಿದ್ದ ನಮಗೂ ರಿಪೋರ್ಟು ಕೂಡಲೇ ಸಿಗುವಂತಿರಲಿಲ್ಲ. ಅದಕ್ಕಾಗಿ ಕಾಯದೆ ಟ್ಯಾಮಿಫ್ಲೂ ಶುರು ಮಾಡಿದರು, 75 ಮಿಲಿಗ್ರಾಮಿನ ಕ್ಯಾಪ್ಸೂಲ್, ಹೊತ್ತಿಗೊಂದರಂತೆ ದಿನಕ್ಕೆರಡು. ಬಸುರಿಯರಿಗೆ ಅಪಾಯ ಹೆಚ್ಚು, ಲ್ಯಾಬಿನ ಉತ್ತರಕ್ಕೆ ಕಾಯದೆ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಜುಲೈ ಕೊನೆಯಲ್ಲಷ್ಟೇ ತಿಳಿಸಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಆಗ ಗೊತ್ತಿದ್ದದ್ದು ಆ ಮಾತ್ರೆ ನುಂಗಿದರೆ ವಾಂತಿ ಬರುತ್ತದೆ ಎನ್ನುವುದು ಮಾತ್ರ.

ಐಸೊಲೇಷನ್ ವಾರ್ಡಿನ ದಿನಗಳು ನೆನಪಿನಲ್ಲಿ ಒಂದರೊಳಗೊಂದು ಸೇರಿಹೋಗಿವೆ. ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕಿಗೆ ಹಳೆಯ ರಬ್ಬರಿನ ವಾಸನೆ. ಬೆನ್ನ ಮೇಲೆ ಮಲಗಿದರೆ ಹೊಟ್ಟೆಯ ಭಾರ ಎದೆಯೊಳಕ್ಕೆ ನುಗ್ಗುತ್ತಿತ್ತು, ಎಡ ಮಗ್ಗುಲಾದರೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಹಾಗಾಗಿ ಹಗಲೂ ರಾತ್ರಿ ಮಂಚಕ್ಕೆ ಒರಗಿ ಕೂತೇ ಇರುತ್ತಿದ್ದೆ. ಉಸಿರು ತಾನಾಗಿ ಬರುವುದು ನಿಂತುಹೋಗಿತ್ತು. ಪ್ರತಿ ಉಸಿರನ್ನೂ ಹೆಗಲೆತ್ತಿ ಎಳೆಯಬೇಕು, ಬಾವಿಯಿಂದ ಕೊಡ ಸೇದಿದ ಹಾಗೆ. ಕಣ್ಣು ಮುಚ್ಚಿದರೆ ಸೇದುವುದು ಮರೆತೀತೆಂದು ನಿದ್ದೆಗೆ ಹೆದರುತ್ತಿದ್ದೆ. ದಿನಕ್ಕೊಮ್ಮೆ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿಸುತ್ತಿದ್ದರು, ಟಕಟಕಟಕ ಎಂದು. ಆ ಸದ್ದು ಕೇಳಿದ ಮೇಲೆ ಒಂದೆರಡು ತಾಸು ಕಣ್ಣು ಹತ್ತುತ್ತಿತ್ತು.

ಡಾಕ್ಟರು, ನರ್ಸು ಎಲ್ಲರೂ ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ಕಿನಂಥ ಗೌನಿನೊಳಗಿದ್ದರು, ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ನೆಲ ಒರೆಸಿ ಬೆಡ್‌ಪ್ಯಾನ್ ಕೊಡುವ ಮಾವಶಿಯನ್ನು ಮಾತ್ರ ಗುರುತು ಹಿಡಿಯುತ್ತಿದ್ದೆ. ಶ್ರಾವಣವಲ್ಲವೇ, ಕೈತುಂಬ ಹಸಿರು ಗಾಜಿನ ಬಳೆ ಹಾಕಿದ್ದಳು; ಗೌನಿನ ತೋಳೊಳಗೆ ಅವು ಕಿಣಿಕಿಣಿ ಅನ್ನುತ್ತಿದ್ದವು. ಬಳೆ ತೆಗೆದಿಡು ಎಂದು ಸಿಸ್ಟರು ದಿನಾ ಬೈಯುವರು, ಅವಳು ದಿನಾ ಹ್ಞೂಂ ಅನ್ನುವಳು. ‘ಘಾಬರೂ ನಕೋ ಪೋರಿ’, ಹೆದರಬೇಡ ಮಗಳೇ, ಎಂದು ನನ್ನ ಪಾದ ಒತ್ತುತ್ತಿದ್ದಳು. ಇಡೀ ವಾರ್ಡಿನಲ್ಲಿ ನನ್ನನ್ನು ಕೆಲಸವಿಲ್ಲದೆ ಮುಟ್ಟಿದವಳು ಅವಳೊಬ್ಬಳೇ. ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದ್ದೆ. ಗುತ್ತಿಗೆಯ ಕೆಲಸ, ಬಂದಾಗ ಬಂತು ಅಂದಳು. ಅವಳ ಮಾಸ್ಕು ಎನ್-95 ಆಗಿರಲಿಲ್ಲ, ಎರಡು ಪದರದ ಹಸಿರು ಬಟ್ಟೆ.

ಇತ್ತ ಬಿಜಾಪುರದಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದರು. ನಮ್ಮ ಕಾಕಾನದು ಕಿರಾಣಿ ಅಂಗಡಿ, ಗಲ್ಲಾದ ಮೇಲೆ ಒಂದು ಟೀವಿ. ಸಂಜೆ ಅಂಗಡಿಗೆ ಬಂದವರೆಲ್ಲ ನಿಂತು ನೋಡುವಾಗ ಒಂದು ಕನ್ನಡ ಚಾನೆಲ್‌ನಲ್ಲಿ ಕೆಂಪು ಪಟ್ಟಿ ಓಡಿತು: ಪುಣೆಯಲ್ಲಿ ಹಂದಿ ಜ್ವರಕ್ಕೆ ಮತ್ತೊಂದು ಬಲಿ. ಮೇಲೆ ಮಳೆಯಲ್ಲಿ ನಿಂತ ಬಸುರಿ, ಬಾಯಿಗೆ ಬಟ್ಟೆ, ಮೈಮೇಲೆ ಕೌದಿ. ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದರು. ಕಾಕಾ ಅವ್ವನನ್ನು ಕರೆಸಿದ. ಅವ್ವ ಮುಖ ನೋಡಲೇ ಇಲ್ಲವಂತೆ. “ಕೌದಿ ನಂದ ಐತಿ” ಅಂದವಳೇ ಅಂಗಡಿಯ ಕಟ್ಟೆಯ ಮೇಲೆ ಕುಸಿದಳು. ನಮ್ಮ ಮನೆಯವರ ಮೊಬೈಲ್ ಚಾರ್ಜಿಲ್ಲದೆ ಸತ್ತಿತ್ತು. ಒಂದು ತಾಸಿನೊಳಗೆ ಮನೆ ತುಂಬ ಜನ, ಹೆಂಗಸರು ಹಾಡಿ ಅಳತೊಡಗಿದರು. ಮಣ್ಣು ಅಲ್ಲಿಯೋ ಇಲ್ಲಿಯೋ, ಹೆಣ ಕೊಡುತ್ತಾರೋ ಇಲ್ಲವೋ ಎಂದು ಗಂಡಸರು ಜಗಲಿಯಲ್ಲಿ ಚರ್ಚೆ ಮಾಡಿದರು. ಕಾಕಾನೇ ಕ್ರೂಸರ್ ಗಾಡಿ ಗೊತ್ತು ಮಾಡಿದ. ಸೊಲ್ಲಾಪುರ ದಾಟುವ ಹೊತ್ತಿಗೆ ನಮ್ಮ ಮನೆಯವರ ಫೋನ್ ಹತ್ತಿತು.

“ಮಾಮಾ, ಯಾವಾಗ ಆತು?” ಎಂದು ನನ್ನ ತಮ್ಮ ಕೇಳಿದನಂತೆ.

“ಏನ್ ಆತು?” ಅಂದರಂತೆ ಇವರು. “ಈಗಷ್ಟ ಗಂಜಿ ಕುಡದಾಳ.”

ಮರುದಿನ ತಮ್ಮ ಆ ಚಾನೆಲ್ಲಿಗೆ ಫೋನ್ ಮಾಡಿದ. ನಾಲ್ಕಾರು ಕಡೆ ತಿರುಗಿಸಿದ ಮೇಲೆ ಒಬ್ಬರು ಸಿಕ್ಕರು, ಸಮಾಧಾನದಿಂದಲೇ ಮಾತಾಡಿದರು. “ಸಾರ್, ಅದು ಫೈಲ್ ಶಾಟ್. ನಿಮ್ಮ ಅಕ್ಕ ತೀರಿಕೊಂಡರು ಅಂತ ನಾವು ಎಲ್ಲಿ ಹೇಳಿದ್ದೀವಿ? ಇನ್ನೊಂದ್ಸಲ ನೋಡಿ.” ಅವರು ಹೇಳಿದ್ದು ಸರಿಯೇ. ಸತ್ತವರು ಇನ್ನಾರೋ, ಪಟ್ಟಿಯ ಸುದ್ದಿ ನಿಜ. ನಾನು ಸರತಿಯಲ್ಲಿ ನಿಂತದ್ದೂ ನಿಜ. ಎರಡು ನಿಜಗಳನ್ನು ಮೇಲೊಂದು ಕೆಳಗೊಂದು ಇಟ್ಟು ನಮ್ಮ ಮನೆಯಲ್ಲಿ ಒಂದು ಸಾವು ಮಾಡಿದ್ದರು. ಸುಳ್ಳು ಹೇಳಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಇದಕ್ಕೆ ಯಾವ ದೂರು ಕೊಡುವುದು? ಚಾನೆಲ್ಲಿನ ಹೆಸರು ಇಲ್ಲಿ ಬೇಡ. ಆ ವಾರ ಅದೇ ದೃಶ್ಯವನ್ನು ಇನ್ನೆಷ್ಟು ಜನ ಹಾಕಿಕೊಂಡಿದ್ದರೋ.

ಅವ್ವ ಬಂದವಳು ವಾಪಸು ಹೋಗಲಿಲ್ಲ. ವಾರ್ಡಿನೊಳಗೆ ಬಿಡುತ್ತಿರಲಿಲ್ಲವಾದ್ದರಿಂದ ಗೇಟಿನ ಹೊರಗೆ ಚಹಾದ ಗಾಡಿಯ ಪಕ್ಕ ಕುಳಿತಿರುತ್ತಿದ್ದಳು. ರಿಪೋರ್ಟು ಕೊನೆಗೂ ಬಂತು: ಪಾಸಿಟಿವ್. ಅಷ್ಟರಲ್ಲಿ ನನಗೆ ಉಸಿರು ಸಲೀಸಾಗತೊಡಗಿ ಆಕ್ಸಿಜನ್ ಕಡಿಮೆ ಮಾಡಿದ್ದರು. ಗಣಪತಿ ಕೂರುವ ಹೊತ್ತಿಗೆ ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲಿನದು ಬೇರೆಯೇ ಕತೆ. ಹಾಲಿನವನು ಪಾಕೀಟನ್ನು ಮೆಟ್ಟಿಲ ಕೆಳಗೇ ಇಟ್ಟು ಕೂಗಿ ಹೋಗುತ್ತಿದ್ದ. ನಾವು ಒಣಹಾಕಿದ ತಂತಿಯಿಂದ ಪಕ್ಕದ ಮನೆಯವರು ತಮ್ಮ ಬಟ್ಟೆ ಎತ್ತಿಕೊಂಡರು. ಮನೆ ಮಾಲೀಕರು ಬಾಗಿಲಲ್ಲಿ ನಿಂತು, ತಮಗೇನೂ ಇಲ್ಲ, ಬಿಲ್ಡಿಂಗಿನವರು ಮಾತಾಡುತ್ತಾರೆ, ಕೆಲವು ದಿನ ಊರಿಗೆ ಹೋಗಿಬಂದರೆ ಒಳ್ಳೆಯದಲ್ಲವೇ ಅಂದರು. ಊರಿನಿಂದ ಫೋನ್ ಬಂದಿತ್ತು: ಸದ್ಯ ಇತ್ತ ಬರುವುದು ಬೇಡ, ಓಣಿಯ ಮಂದಿ ಕೇಳುವುದಿಲ್ಲ. ಸತ್ತೆನೆಂದು ಹಾಡಿ ಅತ್ತವರೇ ಬದುಕಿದ್ದೇನೆಂದು ಗೊತ್ತಾದ ಮೇಲೆ ಬರಬೇಡ ಅಂದರು! ಅವ್ವ ಎಲ್ಲರನ್ನೂ ಬೈದು, ಚಿಂಚವಡದ ಎರಡು ಖೋಲಿಯ ಮನೆಯಲ್ಲೇ ಹಸಿರು ಸೀರೆ ಉಡಿಸಿ ಕುಬಸ ಮಾಡಿದಳು. ಮುತ್ತೈದೆಯರು ಎಂದು ಬಂದದ್ದು ಇಂಡಿ ಕಡೆಯ ಒಬ್ಬ ಹೆಣ್ಣುಮಗಳು. ಅಕ್ಟೋಬರ್ ಕೊನೆಗೆ ಮಗಳು ಹುಟ್ಟಿದಳು, ತೂಕ ಸ್ವಲ್ಪ ಕಡಿಮೆ, ಧ್ವನಿ ಮಾತ್ರ ಜೋರು.

2010ರ ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆ ಪಿಡುಗು ಮುಗಿಯಿತೆಂದಿತು. ಅದಕ್ಕೂ ಮೊದಲೇ ಬೇರೆ ಬಗೆಯ ಸುದ್ದಿ ಬರಲು ಶುರುವಾಗಿತ್ತು. ಸಂಸ್ಥೆಗೆ ಸಲಹೆ ಕೊಟ್ಟ ಕೆಲವು ತಜ್ಞರಿಗೆ ಔಷಧ ಕಂಪನಿಗಳ ನಂಟಿತ್ತೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ಯುರೋಪಿನಲ್ಲಿ ಇದು ಸುಳ್ಳು ಪಿಡುಗು ಎಂದವರೂ ಇದ್ದರು. 2014ರಲ್ಲಿ ಕಾಕ್ರೇನ್ ಎಂಬ ವಿಮರ್ಶಕ ಬಳಗ ಟ್ಯಾಮಿಫ್ಲೂ ಪ್ರಯೋಗಗಳ ದಾಖಲೆಗಳನ್ನೆಲ್ಲ ತಿರುವಿಹಾಕಿ, ಅದು ದೊಡ್ಡವರಲ್ಲಿ ಜ್ವರದ ಲಕ್ಷಣಗಳನ್ನು ಅರ್ಧ ದಿನದಷ್ಟು ಕಡಿಮೆ ಮಾಡುತ್ತದೆ, ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ನಮ್ಮ ಮನೆಯವರು ಅದನ್ನು ಓದಿ ನನ್ನ ಮುಖ ನೋಡಿದರು. ನಾನು ಬದುಕಿದ್ದು ಮಾತ್ರೆಯಿಂದಲೋ ಆಕ್ಸಿಜನ್‌ನಿಂದಲೋ ನನಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಆದರೆ ಇದೆಲ್ಲ ಬುರುಡೆ ಅಂದವರ ಮಾತನ್ನೂ ನಾನು ಒಪ್ಪಲಾರೆ. ಲ್ಯಾಬಿನಲ್ಲಿ ಖಚಿತವಾದ ಸಾವುಗಳು ಲೋಕಕ್ಕೆಲ್ಲ ಸೇರಿ 18 ಸಾವಿರ ಚಿಲ್ಲರೆ ಇದ್ದವು. 2012ರಲ್ಲಿ ಸಂಶೋಧಕರು ಅಂದಾಜು ಮಾಡಿ, ಮೊದಲ ವರ್ಷವೇ ಸತ್ತವರು 2,84,500ರಷ್ಟಿರಬೇಕೆಂದರು. ಟೀವಿಯ ಮೂಲೆಯಲ್ಲಿ ಓಡುತ್ತಿದ್ದ ಲೆಕ್ಕ ನಮ್ಮನ್ನು ಅಷ್ಟು ಹೆದರಿಸಿತ್ತಲ್ಲ, ಅದು ನಿಜದ ಲೆಕ್ಕಕ್ಕಿಂತ ಬಹಳ ಸಣ್ಣದಾಗಿತ್ತು!

ಟೀವಿಯ ಮೇಲಿನ ನಂಬಿಕೆ ನಮ್ಮ ಮನೆತನದಲ್ಲಿ ನಾನು ಪರದೆಯ ಮೇಲೆ ಸತ್ತ ಆ ಸಂಜೆಗೇ ಮುಗಿದಿತ್ತು. ಎಲ್ಲರಿಗಿಂತ ಹೆಚ್ಚಾಗಿ ಕಾಕಾನಿಗೆ. ಗಲ್ಲಾದ ಮೇಲಿನ ಟೀವಿ ತೆಗೆದು ಅಲ್ಲಿ ಬಸವಣ್ಣನ ಫೋಟೊ ಇಟ್ಟ. ಯಾರಾದರೂ ಸುದ್ದಿ ಹೇಳಿದರೆ “ಟೀವ್ಯಾಗ ನಮ್ಮ ಹುಡುಗೀನೂ ಸತ್ತಿದ್ಳು” ಎಂದು ಬಾಯಿ ಮುಚ್ಚಿಸುತ್ತಿದ್ದ.

2015ರ ಫೆಬ್ರುವರಿ-ಮಾರ್ಚ್‌ನಲ್ಲಿ ಅದೇ ಜ್ವರ ದೇಶದಲ್ಲಿ ಮತ್ತೆ ಎದ್ದಿತು. ಆ ಸಲ 2,000ಕ್ಕೂ ಹೆಚ್ಚು ಜನ ಸತ್ತರು. ಬಿಜಾಪುರ ಆಗಷ್ಟೇ ವಿಜಯಪುರವಾಗಿತ್ತು. ಕಾಕಾನಿಗೆ ಜ್ವರ, ಕೆಮ್ಮು. ವಯಸ್ಸು ಅರವತ್ತು ದಾಟಿದೆ, ಶುಗರ್ ಬೇರೆ. ದವಾಖಾನೆಗೆ ಒಲ್ಲೆ ಅನ್ನುತ್ತಿದ್ದಾನೆಂದು ತಮ್ಮ ಫೋನ್ ಮಾಡಿದ. “ಎಲ್ಲಾ ಚಾನೆಲ್‌ದವರ ಆಟ, ಅಮೃತಬಳ್ಳಿ ಕಷಾಯ ಕುಡದ್ರ ಹೋಕ್ಕತಿ ಅಂತಾನ, ನೀನ ಹೇಳಕ್ಕ.” ಫೋನ್ ಕಾಕಾನ ಕೈಗೆ ಕೊಡಿಸಿದೆ. ವಾದ ಮಾಡಲಿಲ್ಲ. ಅಂಗಡಿಯ ಬಾಕಿ ಯಾರು ಯಾರು ಕೊಡಬೇಕು ಎಂದು ಕೇಳಿದೆ. ಅದು ಅವನು ನಿದ್ದೆಯಲ್ಲೂ ಒಂದೇ ಉಸಿರಿಗೆ ಹೇಳುವ ಪಟ್ಟಿ. ಎರಡು ಹೆಸರು ಹೇಳಿ ನಿಂತ. ಗಾಳಿ ಎಳೆದುಕೊಂಡ. ಮೂರನೆಯದು ಹೇಳಿ ಮತ್ತೆ ನಿಂತ.

ತಮ್ಮನಿಗೆ, ಬೈದರೂ ಕೇಳಬೇಡ, ಎತ್ತಿಕೊಂಡು ಹೋಗು ಅಂದೆ. ಅವನು ಹಾಗೆಯೇ ಮಾಡಿದ. ದವಾಖಾನೆಯಲ್ಲಿ ಆಕ್ಸಿಜನ್, ಅದೇ ಕ್ಯಾಪ್ಸೂಲು, ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗೆ. ರಿಪೋರ್ಟು ಎಚ್‌1ಎನ್‌1 ಪಾಸಿಟಿವ್. ಕಾಕಾ ತಿಂಗಳೊಪ್ಪತ್ತಿನಲ್ಲಿ ಗಲ್ಲಾಕ್ಕೆ ಬಂದು ಕುಳಿತ. ಊರಿಗೆ ಹೋದಾಗ ನಾನೇ ಕೇಳಿಸಿಕೊಂಡೆ, ಗಿರಾಕಿಯೊಬ್ಬರಿಗೆ ಹೇಳುತ್ತಿದ್ದ: “ನನಗಾಗಿದ್ದು ನಿಮೋನಿಯಾರಿ. ಹಂದಿ ಜ್ವರ ಅನ್ನೂದು ಟೀವಿಯವರು ಮಾಡಿದ್ದು.” ರಿಪೋರ್ಟಿನಲ್ಲಿ ಹಾಗೇ ಬರೆದಿದೆಯಲ್ಲ ಕಾಕಾ ಅಂದೆ. ತಕ್ಕಡಿಗೆ ಬೇಳೆ ಸುರಿಯುತ್ತ, “ಲ್ಯಾಬಿನವರ ಮನ್ಯಾಗೂ ಟೀವಿ ಇರತೈತಿ ತಂಗಿ” ಅಂದ.